ಗಡ್ಡದವನ ಮೇಲೆ ನಮ್ಮ ಅತ್ತೆಯ ಪೈಜು

ನಮ್ಮ ಅತ್ತೆ ಅಮೇರಿಕದ ಫುಟ್‌ಬಾಲಿನ ಹುಚ್ಚಿಗೆ ಬಿದ್ದದ್ದು ಭಜನೆಯ ದೆಸೆಯಿಂದ. ಟಿವಿಯ ಪ್ಯಾಕು ಮುಗಿದು ಎಂಟು ದಿನವಾಗಿತ್ತು. ರಿಚಾರ್ಜ್ ಮಾಡಿಸಬೇಕಾದ ನನ್ನ ಗಂಡ ತನಗೆ ಬೇಕಾದ ಕಬಡ್ಡಿ ಬರುವ ಚಾನೆಲ್ ಒಂದನ್ನೇ ಹಾಕಿಸಿ, ಉಳಿದದ್ದಕ್ಕೆ "ನಾಳೆ ನೋಡೂಣು" ಎಂದಿದ್ದರು. ಅವರ ನಾಳೆ ಎಂಥದೆಂದು ನಮ್ಮ ಮನೆಯ ಎಮ್ಮೆಗೂ ಗೊತ್ತು. ಜನವರಿಯ ಒಂದು ರವಿವಾರ ಬೆಳಿಗ್ಗೆ ಹಾಲು ಹಿಂಡಿ, ಕೈ ತೊಳೆದು, ಚಹಾದ ಕಪ್ಪು ಹಿಡಿದು ಇಂದಾದರೂ ಭಜನೆ ಬಂದೀತೆಂದು ಕುಳಿತ ಅತ್ತೆಯ ಕಣ್ಣಿಗೆ ಬಿದ್ದದ್ದು ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ದಾಂಡಿಗರು.

"ಅಕ್ಕೋರ, ಬರ್ರಿ ಇಲ್ಲಿ. ಇವ್ರಿಗೇನ ಆಗೇತಿ ನೋಡ್ರಿ," ಎಂದು ಕೂಗಿದರು.

ನಾನು ಕನ್ನಡ ಶಾಲೆಯ ಶಿಕ್ಷಕಿ. ಶಾಲೆಯ ಮಕ್ಕಳು ನನ್ನನ್ನು ಅಕ್ಕೋರು ಎಂದು ಕರೆಯುವುದು ಗೌರವಕ್ಕೆ. ಅತ್ತೆ ಕರೆಯುವುದು ನನ್ನಿಂದ ಏನಾದರೂ ಕೆಲಸ ಆಗಬೇಕಿದ್ದಾಗ. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಫೋನು ತೆಗೆದು ಓದಿ ಹೇಳಿದೆ. ಒಂದು ಕಡೆ ಹನ್ನೊಂದು ಮಂದಿ. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಿನವರಿಗೆ. ಎಲ್ಲರ ಹಿಂದೆ ನಿಂತು ಚೆಂಡು ಇಸಿದುಕೊಂಡು ಎಸೆಯುತ್ತಾನಲ್ಲ, ಅವನು ಕ್ವಾರ್ಟರ್‌ಬ್ಯಾಕ್, ಆಟವೆಲ್ಲ ಅವನ ಕೈಯಲ್ಲಿ. ಲೀಗಿನ ಆಟ ಮುಗಿದು ಈಗ ಪ್ಲೇಆಫ್ ನಡೆದಿದೆ, ಅಂದರೆ ಸೋತವರು ಅಲ್ಲಿಂದಲೇ ಮನೆಗೆ.

"ನಾಕ ಸಲಕ್ಕ ಹತ್ತ ಗಜಾನ?" ಎಂದು ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಮಾವ ನಕ್ಕರು. "ನಮ್ಮ ಮುದಿ ಎತ್ತ ಸೈತ ಒಂದ ಸಲಕ್ಕ ಹೋಗತೈತಲ್ಲ."

ಅತ್ತೆ ನಗಲಿಲ್ಲ. ಅವರ ಕಣ್ಣು ಆಗಲೇ ಕ್ವಾರ್ಟರ್‌ಬ್ಯಾಕಿನ ಕಾಲಿನ ಮೇಲಿತ್ತು.

ಇಲ್ಲಿ ನಮ್ಮ ಮನೆಯ ಒಂದು ಗುಟ್ಟು ಹೇಳಬೇಕು. ರಾಯಬಾಗ ತಾಲೂಕಿನ ಈ ಮೂಲೆಯಲ್ಲಿ ಎತ್ತಿನ ಪಾರಖಿ ಎಂದರೆ ನಮ್ಮ ಮಾವ. ಎತ್ತನ್ನು ಒಮ್ಮೆ ನೋಡಿ ಅದರ ಗುಣ ದೋಷ ಹೇಳುವವರು. ಹಿಂದೆಲ್ಲ ದಲಾಲರು ಎತ್ತುಗಳನ್ನು ನಮ್ಮ ತೋಟದ ಮನೆಯ ಅಂಗಳಕ್ಕೇ ಹೊಡೆದುಕೊಂಡು ಬರುತ್ತಿದ್ದರು. ಮಾವ ಒಂದು ಸುತ್ತು ಹಾಕಿ, ಬೆನ್ನ ಮೇಲೆ ಕೈಯಾಡಿಸಿ, "ಒಂದಿಷ್ಟ ನೀರ ತಗೊಂಡ ಬರ್ರಿ" ಎಂದು ಒಳಗೆ ಕೂಗುತ್ತಿದ್ದರು. ನೀರು ಕುಡಿದು, ಕಣ್ಣು ಮುಚ್ಚಿ, ಆಮೇಲೆ ತೀರ್ಪು. ಪಾರಖಿ ಅಜ್ಜ ಒಂದು ತಂಬಿಗೆ ನೀರು ಕುಡಿಯುವುದರೊಳಗೆ ಎತ್ತಿನ ಜಾತಕ ಹೇಳುತ್ತಾನೆ ಎಂದು ಅಲಖನೂರಿನವರೆಗೂ ಸುದ್ದಿ.

ಜಾತಕವಿದ್ದದ್ದು ತಂಬಿಗೆಯಲ್ಲೇ. ಅತ್ತೆ ದಲಾಲರ ಮನೆತನದ ಮಗಳು, ತೊಟ್ಟಿಲಲ್ಲಿದ್ದಾಗಿನಿಂದ ಎತ್ತು ನೋಡಿ ಬೆಳೆದವರು. ಕಿಟಕಿಯ ಸರಳಿನ ಹಿಂದೆ ನಿಂತು ಅವರು ಎತ್ತನ್ನು ನೋಡುತ್ತಿದ್ದರು. ತಾಮ್ರದ ತಂಬಿಗೆಯಲ್ಲಿ ನೀರು ಬಂದರೆ ಕೊಳ್ಳಬೇಕು, ಸ್ಟೀಲಿನದರಲ್ಲಿ ಬಂದರೆ ಬಿಡಬೇಕು. ಇದು ಗಂಡಹೆಂಡಿರಿಬ್ಬರಿಗೇ ಗೊತ್ತಿದ್ದ ಮಾತು. ನಾನು ಮದುವೆಯಾಗಿ ಬಂದ ಮೊದಲ ವರ್ಷ, "ಸ್ಟೀಲಿನ ತಂಬಿಗಿ ಒಯ್ಯಿ" ಎಂದರು ಅತ್ತೆ. ಸ್ಟೀಲಿನದು ಮುಸುರೆಯಲ್ಲಿತ್ತು. ಬಂದವರ ಮುಂದೆ ಮನೆಯ ಮರ್ಯಾದೆ ಇರಲೆಂದು ನಾನು ಜಾಣೆಯಾಗಿ, ಹುಣಸೆ ಹಚ್ಚಿ ಫಳಫಳ ತಿಕ್ಕಿದ ತಾಮ್ರದ ತಂಬಿಗೆ ಒಯ್ದೆ. ಮಾವ ಕೊಂಡರು. ಆ ಎತ್ತು ಮುಂದೆ ಮೂರು ವರ್ಷ ದಿನಾ ಮಧ್ಯಾಹ್ನ ಪಾಲಬಾವಿ ರಸ್ತೆಯ ನಟ್ಟನಡುವೆ ಮಲಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಕಟ್ಟಿಕೊಂಡು ಬಂದು, ಮರಾಠಿ ಹಾಡು ಹಚ್ಚಿ, ಹಾರ್ನು ಹೊಡೆದರೂ ಏಳುತ್ತಿರಲಿಲ್ಲ. ಅತ್ತೆ ಒಂದು ತಿಂಗಳು ನನ್ನ ಕೂಡ ಮಾತು ಬಿಟ್ಟು, ಆಮೇಲೆ ಗುಟ್ಟು ಹೇಳಿದರು. ತಪ್ಪು ನನ್ನದೆಂದು ಮಾವನಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಆದರೆ ನಾನು ಬರೆದದ್ದನ್ನು ಅವರು ಓದುವ ಪೈಕಿ ಅಲ್ಲ.

ಆ ಜನವರಿಯಲ್ಲಿ ನಮ್ಮ ಜೋಡಿಯಲ್ಲಿ ಒಂದು ಎತ್ತು ಮುದಿಯಾಗಿ ಕೊಟ್ಟಿಗೆ ಹಿಡಿದಿತ್ತು. ಕಬ್ಬಿನ ಸಾಲಿನಲ್ಲಿ ಎಡೆ ಹೊಡೆದು ಕಳೆ ತೆಗೆಯಲು ಹೊಸದೊಂದು ಬೇಕಾಗಿತ್ತು. ಈಗ ದಲಾಲರು ಎತ್ತು ಹೊಡೆದುಕೊಂಡು ಯಾರ ಮನೆಗೂ ಬರುವುದಿಲ್ಲ. ಇದ್ದ ನಾಲ್ಕು ಎತ್ತು ಬಜಾರದಲ್ಲೇ ನೋಡಿ ಕೊಳ್ಳಬೇಕು. ಬಜಾರದಲ್ಲಿ ಕಿಟಕಿಯಿಲ್ಲ, ತಂಬಿಗೆಯಿಲ್ಲ.

"ಈ ಸಲ ನಾನೂ ಬಜಾರಕ್ಕ ಬರ್ತೇನ್ರಿ," ಎಂದು ಅತ್ತೆ ಸಂಕ್ರಮಣದ ಮರುದಿನವೇ ಅಂದಿದ್ದರು.

"ಹೆಣ್ಣಮಕ್ಕಳು ದನದ ಬಜಾರಕ್ಕ ಬರ್ತಾರೇನ? ನಾಕ ಮಂದಿ ಏನಂದಾರು?"

"ಐವತ್ತ ವರ್ಷ ಆತು, ಆ ನಾಕ ಮಂದಿ ಯಾರಂತ ನನಗೊಮ್ಮೆ ತೋರಸ್ರಿ," ಎಂದು ಅತ್ತೆ ಒಳಗೆ ಹೋಗಿದ್ದರು.

ಟಿವಿಯಲ್ಲಿ ಆ ಬೆಳಿಗ್ಗೆ ಆಡುತ್ತಿದ್ದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬನಿಗೆ ದಟ್ಟ ಗಡ್ಡ, ಸುಮಾರು ವಯಸ್ಸಾದವನು. ಅತ್ತೆಗೆ ಅವನು ಕಂಡಕೂಡಲೇ ಮನಸ್ಸಿಗೆ ಬಂದ. ಆದರೆ ಪಾರಖಿಯ ಪದ್ಧತಿ ಬಿಡುವುದುಂಟೇ? ಮೊದಲು ತಲೆಯ ಕೂದಲಿನ ಸುಳಿ ನೋಡಬೇಕು.

"ಅಯ್ಯ, ತಲಿ ಮ್ಯಾಲ ಡಬರಿ ಮುಚ್ಚಿ ಬಿಟ್ರ ಸುಳಿ ಹೆಂಗ ಕಾಣಬೇಕವ್ವಾ?" ಎಂದು ಚಡಪಡಿಸಿದರು. ಸುಳಿ ಹೋಯಿತು. ಸರಿ, ವಯಸ್ಸು ತಿಳಿಯಲು ಹಲ್ಲಾದರೂ ನೋಡೋಣವೆಂದರೆ ಕಬ್ಬಿಣದ ಜಾಲರಿ ಅಡ್ಡ. ಗಡ್ಡದವನೇ ಗೆಲ್ಲುತ್ತಾನೆಂದು ನಡಿಗೆಯ ಮೇಲೆ ಹೇಳಿದರು. ಗೆದ್ದ. ಚಹಾ ಇನ್ನೊಂದು ಕಪ್ಪು ಬಂತು.

ಮಧ್ಯಾಹ್ನ ಬೇರೆ ಪಂದ್ಯದ ಮರುಪ್ರಸಾರ. ಅದರಲ್ಲಿ ಒಬ್ಬ ಹರೆಯದವನಿದ್ದ, ಚಿಗರೆಯ ಹಾಗೆ ಓಡುವವನು. ನನಗೂ ಮಾವನಿಗೂ ಅವನೇ ಹಿಡಿಸಿದ. ಗೆದ್ದವರು ಯಾರೆಂದು ಫೋನಿನಲ್ಲಿ ನೋಡುವುದಿಲ್ಲವೆಂದು ನಾನು ದೇವರ ಮೇಲೆ ಆಣೆ ಮಾಡಿದ ಮೇಲೆಯೇ ಆಟ ನೋಡಲು ಅಪ್ಪಣೆಯಾಯಿತು. ನಡುವೆ ಒಮ್ಮೆ ಅವನು ಬೆಂಚಿನ ಮೇಲೆ ಕುಳಿತು, ಹೆಲ್ಮೆಟ್ ತೆಗೆದು, ಬಾಯಿಯೊಳಗಿಂದ ಇಡೀ ಮೇಲಿನ ಸಾಲು ಹಲ್ಲನ್ನು ಕಿತ್ತು ಕೈಯಲ್ಲಿ ಹಿಡಿದ.

ಅತ್ತೆ ಎದ್ದೇ ನಿಂತರು. "ನೋಡಿದ್ಯಾ! ಕಟ್ಟಿಸಿದ ಹಲ್ಲು! ಹರೇದಾವ ಅಂತ ಹೇಳಿ ಮುದಕನ್ನ ತಂದ ನಿಲ್ಲಿಸ್ಯಾರ. ಕೊಂಬ ಹೆರದು, ಬಣ್ಣ ಹಚ್ಚಿ, ವಯಸ್ಸ ಮುಚ್ಚಿ ಮಾರಾವ್ರು ನಮ್ಮ ಕಡೆ ಅಷ್ಟ ಇರ್ತಾರ ಅಂದಕೊಂಡಿದ್ದೆ. ಅಮೇರಿಕಾದಾಗೂ ಅದಾರ!"

"ಅಲ್ರಿ ಅತ್ತಿ, ಪೆಟ್ಟ ಬಿದ್ದಾಗ ಹಲ್ಲ ಮುರೀಬಾರದಂತ ಹಾಕ್ಕೊಳ್ಳು ರಬ್ಬರ..."

"ನೀ ಸುಮ್ಮಿರು. ತಂಬಿಗಿ ವಿಷಯದಾಗೂ ನಿನ್ನ ಶಾಣ್ಯಾತನ ನೋಡೇನಿ."

ಮಾವ ಹತ್ತಿರದಲ್ಲೇ ಇದ್ದರು. ನಾನು ಬಾಯಿ ಮುಚ್ಚಿಕೊಂಡೆ. ಹಲ್ಲು ಕಟ್ಟಿಸಿದವನು ಸೋಲುತ್ತಾನೆಂದು ಅತ್ತೆ ಭವಿಷ್ಯ ಹೇಳಿದರು. ಅವನು ಎದುರಿನವರನ್ನು ಅಂಗಾತ ಕೆಡವಿ ಗೆದ್ದ. ಮಾವನ ಮೀಸೆಯಡಿಯ ನಗೆ ನೋಡಬೇಕಿತ್ತು. ಆ ಸಂಜೆಯೆಲ್ಲ ಅವರು ತಮ್ಮ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ, "ನಂದೂ ನೋಡ ಬೇ, ಖರೇ ಅದಾವೋ ಕಟ್ಟಿಸಿದ್ದೋ" ಎಂದು ಅತ್ತೆಯ ಹಿಂದೆ ಹಿಂದೆ ತಿರುಗಿದರು.

ಸಿಟ್ಟಿಗೆದ್ದ ಅತ್ತೆ ಅಂದೇ ರೊಟ್ಟಿಯ ಮುಂದೆ ಪಂಥದ ಮಾತು ಹಾಕಿದರು. "ನಿಮ್ಮ ಹಲ್ಲಿನಾವ, ನನ್ನ ಗಡ್ಡದಾವ. ಪೈಜ ಕಟ್ರಿ."

"ಏನ ಪೈಜ?"

"ಗಡ್ಡದಾವ ಕಡೀತನಕ ಗೆದ್ರ ನಾ ಬಜಾರಕ್ಕ ಬರೂದು. ಎತ್ತ ನಾ ನೋಡೂದು. ಎಲ್ಲಾರ ಮುಂದ."

ಮಾವ ರೊಟ್ಟಿಗೆ ಇನ್ನಷ್ಟು ಶೇಂಗಾ ಚಟ್ನಿ ಹಚ್ಚಿಕೊಂಡರು. "ಆತು. ಸೋತ್ರ ಆ ಮಾತ ಮತ್ತ ಎತ್ತಬಾರದು."

ಒಪ್ಪಂದವಾಯಿತು. ನಾನು ಕ್ಯಾಲೆಂಡರಿನ ಹಿಂದೆ ಎರಡು ಸಾಲು ಎಳೆದು ಗಡ್ಡ, ಹಲ್ಲು ಎಂದು ಬರೆದೆ. ನನ್ನ ಗಂಡ ಬಂದು ನೋಡಿ, ಮನೆಯಲ್ಲಿ ಯಾರಿಗೋ ಹಲ್ಲಿನ ದವಾಖಾನೆಗೆ ಹೋಗಬೇಕಾಗಿದೆ ಎಂದುಕೊಂಡರು.

ಎರಡನೆಯ ಸುತ್ತಿನಲ್ಲಿ ಗಡ್ಡದವನೂ ಬಾಯಿಯಿಂದ ಹಲ್ಲು ಕಿತ್ತ. ಅದನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡ. ಮಾವ ಕೆಮ್ಮಿದರು. ಅತ್ತೆ ಚಹಾದ ಕಪ್ಪು ಕೆಳಗಿಟ್ಟು, "ಇಡೀ ಬಜಾರದಾಗ ಖರೇ ಹಲ್ಲ ಒಂದೂ ಇಲ್ಲ. ಆತು ಬಿಡ್ರಿ, ಹಲ್ಲಿನ ಲೆಕ್ಕ ಬ್ಯಾಡ," ಎಂದರು. ತಪ್ಪು ಒಪ್ಪಿಕೊಳ್ಳುವ ಅವರ ರೀತಿ ಅದು. ಅದಕ್ಕಿಂತ ಹೆಚ್ಚು ಯಾರೂ ಬಯಸಬಾರದು. ಆಮೇಲೆ ನನ್ನ ಕಡೆ ತಿರುಗಿ ತಮ್ಮ ನಿಜವಾದ ಪಾಠ ಶುರು ಮಾಡಿದರು.

"ನಿಂತಾಗ ಎಲ್ಲಾ ಎತ್ತೂ ಚಂದನ. ಓಡಾಗಂತೂ ಇನ್ನೂ ಚಂದ. ಬಿದ್ದಾವ ಹೆಂಗ ಏಳ್ತಾನ, ಅದನ್ನ ನೋಡು. ಬಲ ಇದ್ದದ್ದು ಹಿಂದಿನ ಕಾಲ ಮ್ಯಾಲ ತಾನ ಏಳತೈತಿ, ಎದ್ದ ಕೂಡಲೇ ಮುಂದ ನೋಡತೈತಿ. ಬಲ ಇಲ್ಲದ್ದು ಎದ್ದ ಮ್ಯಾಲ ತನ್ನ ಮೈ ನೋಡಕೊಂತೈತಿ."

ಅಲ್ಲಿಂದ ನಾನೂ ಹಾಗೇ ನೋಡತೊಡಗಿದೆ. ನಿಜವಾಗಿಯೂ ಗಡ್ಡದವನು ಬೇರೆ ಥರ ಏಳುತ್ತಿದ್ದ. ಇಬ್ಬರು ಧಡಿಯರು ಮೈಮೇಲೆ ಬಿದ್ದು ನೆಲಕ್ಕೆ ಅಪ್ಪಳಿಸಿದರೂ, ಎದ್ದವನೇ ತನ್ನವರ ಕಡೆ ಕೈ ಬೀಸಿ, ಮುಂದಿನ ಜಾಗ ನೋಡುತ್ತಿದ್ದ. ಅವನ ಎಸೆತ ನಿಧಾನ, ಆದರೆ ಚೆಂಡು ಕೇಳಿದವನ ಕೈಗೇ ಹೋಗುತ್ತಿತ್ತು. ಹರೆಯದವನ ಎಸೆತ ಗುಂಡಿನಂತೆ. ಹಿಡಿದರೆ ಹಿಡಿದರು, ಇಲ್ಲವಾದರೆ ಇಲ್ಲ. ಬಿದ್ದರೆ ಹೆಲ್ಮೆಟ್ ನೆಟ್ಟಗೆ ಮಾಡಿಕೊಂಡು, ತೋಳು ನೋಡಿಕೊಂಡು, ಅಂಪೈರನ ಕಡೆ ಎರಡೂ ಕೈ ಚಾಚಿ ದೂರು ಹೇಳುತ್ತಿದ್ದ. ನಾನು ಅವನ ಪಕ್ಷದವಳಾದರೂ ಒಳಗೊಳಗೇ ನಾಚಿಕೆಯಾಯಿತು. ನನ್ನ ತರಗತಿಯಲ್ಲಿ ಅಂಥವರು ಏಳು ಜನರಿದ್ದಾರೆ.

ಎರಡನೆಯ ಸುತ್ತು ಇಬ್ಬರೂ ಗೆದ್ದರು. ಮೂರನೆಯದೂ ಗೆದ್ದರು. ಗಡ್ಡದವನ ಮೂರನೆಯ ಪಂದ್ಯ ಬೆಳಗಿನ ಐದಕ್ಕೆ. ಅತ್ತೆ ಎಮ್ಮೆಗೆ ಹೊತ್ತಿಗೆ ಮುಂಚೆಯೇ ಹಿಂಡಿ ಹಾಕಿ, "ಲಗೂನ ಹಾಲ ಸೊರ ಬಿಡವ್ವಾ, ಅಲ್ಲಿ ಆಟ ಶುರು ಆಗೇತಿ" ಎಂದು ಬೇಡಿಕೊಳ್ಳುತ್ತಿದ್ದರು. ಪಂದ್ಯ ಗೆದ್ದಾಗ ಅವರ ಮುಖದಲ್ಲಿ ಕಂಡ ಸಂತೋಷ ಆಟದ್ದಲ್ಲವೆಂದು ನನಗೆ ಗೊತ್ತಿತ್ತು. ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಇನ್ನೊಂದೇ ಪಂದ್ಯ ಉಳಿದಿತ್ತು. ಮಾವ ಆ ಸೀರೆಗೆ ತಾಗದಂತೆ ಬದಿಯಿಂದ ಬಳಸಿಕೊಂಡು ಹೋದರು.

ಕೊನೆಗೆ ಗಡ್ಡದವನಿಗೂ ಹರೆಯದವನಿಗೂ ಫೈನಲ್. ಸೋಮವಾರ ಬೆಳಗಿನ ಐದು ಗಂಟೆಗೆ ನಾವು ಮೂವರೂ ಕಂಬಳಿ ಹೊದ್ದು ಕುಳಿತೆವು. ನನಗೆ ಶಾಲೆಯಿತ್ತು, ತಲೆನೋವೆಂದು ಅರ್ಧ ದಿನದ ರಜೆ ಹಾಕಿದ್ದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಕಲಿಸುವವಳು, ಏನು ಮಾಡಲಿ.

ಗಡ್ಡದವನು ಶುರುವಿನಲ್ಲೇ ಎರಡು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದ. ಮಾವ ಕಂಬಳಿಯೊಳಗೆ ಸಣ್ಣಗಾದರು. ಮೂರನೆಯ ಸಲ ಎದುರು ತಂಡದವನೊಬ್ಬ ಪಕ್ಕದಿಂದ ಬಂದು ಗಡ್ಡದವನನ್ನು ಕೆಡವಿದ. ಅಂಥ ದೊಡ್ಡ ಹೊಡೆತವೇನಲ್ಲ. ಎದ್ದ, ನಡೆದ, ಮುಂದಿನ ಚೆಂಡನ್ನೂ ಸರಿಯಾಗಿಯೇ ಎಸೆದ. ಮಧ್ಯಂತರದ ಹೊತ್ತಿಗೆ ಅವನ ತಂಡ ಹನ್ನೊಂದು ಅಂಕ ಮುಂದಿತ್ತು. ನಾನು ಅತ್ತೆಯ ಕಡೆ ನೋಡಿದೆ. ಅವರು ಚಹಾ ಕುಡಿದಿರಲಿಲ್ಲ, ಕೆನೆ ಕಟ್ಟಿತ್ತು.

"ಇಂವ ಇವತ್ತ ಸೋಲ್ತಾನ," ಎಂದರು.

"ಗೆಲ್ಲಾಕತ್ತಾನಲ್ರಿ ಅತ್ತಿ!"

"ಅಂಕಿ ನೀ ನೋಡು, ಕಾಲ ನಾ ನೋಡ್ತೇನಿ. ಬಿದ್ದಾವ ಏಳುಮುಂದ ಮೊದಲ ಮೊಣಕಾಲಿಗೆ ಕೈ ಕೊಟ್ಟ. ಎದ್ದ ಮ್ಯಾಲ ಮುಂದ ನೋಡಲಿಲ್ಲ, ಬೆಂಚಿನ ಕಡೆ ನೋಡಿದ. ಹಿಂದಿನ ಕಾಲ ಹೋಗೇತಿ."

ಟಿವಿಯಲ್ಲಿ ಯಾರೋ ಹಾಡುತ್ತ ಕುಣಿಯುತ್ತಿದ್ದರು. ಮಾವ ಕಂಬಳಿಯಿಂದ ತಲೆ ಹೊರಗೆ ಹಾಕಿದರು. ಐವತ್ತು ವರ್ಷ ಆ ಕಣ್ಣನ್ನು ನಂಬಿ ಎತ್ತು ಕೊಂಡವರು, ಅತ್ತೆ ಹೇಳಿದ್ದು ಸುಳ್ಳಾಗುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಂಟಲು ಸರಿಮಾಡಿಕೊಂಡು, "ಬೇಕಾರ ಈಗ ಬದಲಾಸ್ಕೊ. ನೀ ಹಲ್ಲಿನಾವನ್ನ ತಗೋ, ನಾ ಗಡ್ಡದಾವನ್ನ ತಗೋತೇನಿ," ಎಂದರು. ದನಿಯಲ್ಲಿ ಚೇಷ್ಟೆಯಿರಲಿಲ್ಲ.

ಬದಲಾಯಿಸಿಕೊಳ್ರಿ ಅತ್ತಿ, ಬದಲಾಯಿಸಿಕೊಳ್ರಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಬ್ಯಾಡ್ರಿ. ಕೊಂಡ ಎತ್ತ ಕೊಂಡಂಗ. ಕುಂಟಿದ್ರೂ ನನ್ನಾವನ."

ಕೊನೆಯ ಭಾಗದಲ್ಲಿ ಗಡ್ಡದವನು ಎಸೆಯುವಾಗ ಕಾಲು ಊರಲಾರದೆ ಹೋದ. ಚೆಂಡು ತನ್ನವನನ್ನು ಬಿಟ್ಟು ಎದುರಿನವನ ಕೈಗೆ ಹೋಯಿತು. ಆಮೇಲೆ ಮತ್ತೊಂದು ಸಲ. ಹರೆಯದವನು ಗೆದ್ದು ಕುಣಿದ. ಬಣ್ಣದ ಕಾಗದದ ಚೂರುಗಳು ಮೇಲಿನಿಂದ ಸುರಿದವು. ನಾನು ಅವನ ಪಕ್ಷದವಳು, ನನಗೆ ಅಳು ಬಂತು. ಅತ್ತೆ ಟಿವಿ ಬಂದ್ ಮಾಡಿ, "ಸೋತ್ನಿರಿ," ಎಂದು ಮಾವನಿಗೆ ಹೇಳಿ, ಸೆಗಣಿ ಬಾಚಲು ಹೋದರು. ಸಂಜೆ ನೋಡಿದರೆ ಇಳಕಲ್ ಸೀರೆ ಟ್ರಂಕಿಗೆ ಮರಳಿತ್ತು.

ಆಡಿದ ಮಾತಿನಂತೆ ಅವರು ಬಜಾರದ ಮಾತು ಎತ್ತಲಿಲ್ಲ. ಎತ್ತಿದ್ದರೆ ಮಾವನಿಗೆ ಅನುಕೂಲವಾಗುತ್ತಿತ್ತು. ಬಜಾರದ ಹಿಂದಿನ ದಿನ ಅವರೇ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತು, "ನಾಳೆ ಎಂಥಾದ ನೋಡ್ಲಿ?" ಎಂದು ಕೇಳಿದರು.

"ಗೆದ್ದಾವ್ರು ನೀವು. ಪಾರಖಿ ನೀವು. ನೋಡ್ರಿ," ಎಂದು ಅತ್ತೆ ಒಗ್ಗರಣೆ ಹಾಕಿದರು.

ಮರುದಿನ ಬೆಳಿಗ್ಗೆ ಮಾವ ತಲೆಗೆ ಪಟಕಾ ಸುತ್ತಿಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ರಸ್ತೆಯವರೆಗೆ ಹೋಗಿ ತಿರುಗಿ ಬಂದರು. ಕನ್ನಡಕ ಮರೆತಿದ್ದರಂತೆ. ಕನ್ನಡಕ ಮೂಗಿನ ಮೇಲೆಯೇ ಇತ್ತು. ಮತ್ತೆ ಹೋದರು, ಮತ್ತೆ ಬಂದರು. ಈ ಸಲ ಯಾವ ನೆಪವೂ ಹೊಳೆಯಲಿಲ್ಲ ಪಾಪ. ಅಂಗಳದಲ್ಲಿ ನಿಂತು ಕೂಗಿದರು.

"ಒಂದಿಷ್ಟ ನೀರ ತಗೊಂಡ ಬಾ ಬೇ!"

ಅಂಗಳದಲ್ಲಿ ಎತ್ತೂ ಇರಲಿಲ್ಲ, ದಲಾಲನೂ ಇರಲಿಲ್ಲ. ಅತ್ತೆ ತಾಮ್ರದ ತಂಬಿಗೆಯನ್ನೂ ಸ್ಟೀಲಿನ ತಂಬಿಗೆಯನ್ನೂ ನೋಡಿದರು. ತಾಮ್ರದ್ದು ತುಂಬಿಕೊಂಡು ಹೋದರು. ಮಾವ ನೀರು ಕುಡಿಯಲಿಲ್ಲ. ತಂಬಿಗೆ ಕೈಯಲ್ಲಿ ಹಿಡಿದುಕೊಂಡು, ನೆಲ ನೋಡುತ್ತ, "ನನಗ ಎತ್ತ ನೋಡಾಕ ಬರಂಗಿಲ್ಲ. ನಿನಗ ಗೊತ್ತೈತಿ. ಸೀರಿ ಉಟ್ಕೊ, ನಡಿ," ಎಂದರು.

ನನ್ನನ್ನು ಯಾರೂ ಕರೆಯಲಿಲ್ಲ. ಆದರೂ ಹೋದೆ.

ಬಜಾರದಲ್ಲಿ ಹೆಂಗಸರೆಂದರೆ ನಾವಿಬ್ಬರೇ, ಚಹಾ ಮಾರುವವಳನ್ನು ಬಿಟ್ಟರೆ. ನೋಡುವವರು ಎತ್ತು ಬಿಟ್ಟು ನಮ್ಮನ್ನು ನೋಡಿದರು. ಮಾವ ಎತ್ತರದ ಬಿಳಿ ಎತ್ತೊಂದರ ಮುಂದೆ ನಿಂತು ಆಸೆಪಟ್ಟರು. ಅದರ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಅತ್ತೆ ತಿರುಗಿಯೂ ನೋಡಲಿಲ್ಲ. ಐಗಳಿ ಕಡೆಯ ರೈತನೊಬ್ಬನ ಎತ್ತು ಬೇವಿನ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. ಅವನು ಎಬ್ಬಿಸಲು ಹೋದ.

"ಎಬ್ಬಸಬ್ಯಾಡೊ ಯಪ್ಪಾ. ತಾನ ಏಳಲಿ," ಎಂದು ಅತ್ತೆ ಗೋಣಿಚೀಲ ಹಾಸಿಕೊಂಡು ಎದುರಿಗೆ ಕುಳಿತುಬಿಟ್ಟರು.

ಮುಕ್ಕಾಲು ತಾಸು ಕಾದೆವು. ನಾನು ಎರಡು ಚಹಾ ಕುಡಿದೆ. ಸುತ್ತ ಮಂದಿ ಸೇರಿದರು. "ಕಾಯ್ ರಾವ್, ಆಜಿ ಎತ್ತಿಗೆ ಲಾಲಿ ಹಾಡಾಕ ಬಂದಾರೇನ?" ಎಂದು ಒಬ್ಬ ದಲಾಲ ಅರ್ಧ ಮರಾಠಿಯಲ್ಲಿ ಮಾವನನ್ನು ಕೆಣಕಿದ. "ನೀವು ಹೇಳ್ರಿ ಪಾರಖಿ, ನಿಮ್ಮ ಮಾತಿಗೆ ಮಿಗಿಲೇನೈತಿ?"

ಆಗ ಎತ್ತು ಎದ್ದಿತು. ಹಿಂದಿನ ಕಾಲು ಊರಿ, ಒಂದೇ ದಮ್ಮಿಗೆ, ಎದ್ದ ಕೂಡಲೇ ಮುಂದೆ ನೋಡಿತು. ಅತ್ತೆ ನನ್ನ ಮೊಣಕೈ ಹಿಡಿದು ಒತ್ತಿದರು, ನೋವಾಗುವಷ್ಟು.

ಎತ್ತಿನ ದರ ಬಾಯಿಂದ ಆಡುವಂತಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಹೇಳಬೇಕು. ದಲಾಲ ರೈತನ ಪರವಾಗಿ ತನ್ನ ಟವೆಲ್ ಬಿಚ್ಚಿ ಮಾವನ ಕಡೆ ಕೈ ಚಾಚಿದ. ಮಾವ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಪಾರಖಿ ಕಣ್ಣ ನಂದಲ್ಲಪಾ. ನಂದ ಎಂದೂ ಇರಲಿಲ್ಲ. ನೋಡಾಕಿ ಇಕಿ," ಎಂದರು, ಇಡೀ ಬೇವಿನ ನೆರಳಿಗೆ ಕೇಳುವಂತೆ.

ಮಾವ ತಮ್ಮ ಹೆಗಲ ಟವೆಲ್ ತೆಗೆದು ಅತ್ತೆಯ ಮುಂಗೈ ಮೇಲೆ ಹೊದಿಸಿದರು. ಅತ್ತೆಯ ಕೈಯೂ ದಲಾಲನ ಕೈಯೂ ಅದರೊಳಗೆ ಹೋದವು. ಅಲ್ಲಿ ಏನು ನಡೆಯುತ್ತದೆಂದು ಯಾರಿಗೂ ತಿಳಿಯಬಾರದು, ಅದು ಬಜಾರದ ನೇಮ. ಆದರೆ ಅತ್ತೆ ಬೆರಳು ಹಿಡಿದಾಗಲೊಮ್ಮೆ, ಬಿಟ್ಟಾಗಲೊಮ್ಮೆ, ಟವೆಲ್ಲಿನೊಳಗಿಂದ ಹಸಿರು ಬಳೆಗಳ ಸಪ್ಪಳ ಬರುತ್ತಿತ್ತು. ಬಜಾರಕ್ಕೆ ಬಜಾರವೇ ನಿಂತು ಅದನ್ನು ಕೇಳಿತು.